ದೊರೆ ಕಾರನ್ನು ಮತ್ತೆ ರಸ್ತೆಗಿಳಿಸಿದ ಕೆಲಸ

ಹಳೇ ಕಾರು ಸರಿ ಮಾಡಿಸಬೇಕು ಅಂದಾಗ ಸಿಕ್ಕವರೆಲ್ಲ ಒಂದೇ ಮಾತು ಹೇಳಿದರು. ‘ಬೆಂಗಳೂರಿಗೆ ಕಳಿಸಿಬಿಡಿ, ಇಲ್ಲಾಂದ್ರೆ ಕೊಯಮತ್ತೂರಿಗೆ. ಇಲ್ಲಿ ಯಾರಿದ್ದಾರೆ?’ ನಾವು ಕಳಿಸಲಿಲ್ಲ. ನಮ್ಮ 1925ರ ಬ್ಯೂಕ್ ಕಾರಿನ ಬಹುಪಾಲು ಕೆಲಸ ಬೇತಮಂಗಲದಲ್ಲಿ, ನಮ್ಮ ಮನೆ ಹಿಂದಿನ ಶೆಡ್ಡಿನಲ್ಲೇ ಆಯಿತು. ಮಾಡಿದವರು ಕೋಲಾರ ಜಿಲ್ಲೆಯವರು. ಎತ್ತಿನ ಗಾಡಿಗೆ ಗಾಲಿ ಕಟ್ಟುವ ಆಚಾರ್ರು, ಕೆಜಿಎಫ್ ಗಣಿಯಲ್ಲಿ ಫಿಟ್ಟರ್ ಆಗಿದ್ದ ಮೇಸ್ತ್ರಿ, ಜೀಪಿಗೆ ಹುಡ್ ಹೊಲಿಯುವ ಭಾಯಿ. ‘ಇಲ್ಲಿ ಯಾರಿದ್ದಾರೆ’ ಎಂದವರಿಗೆ ಉತ್ತರ ಇವರೇ. ಇವರು ಏನು ಮಾಡಿದರು, ಹೇಗೆ ಮಾಡಿದರು ಅನ್ನುವುದನ್ನು ಬರೆದಿಡಬೇಕು ಅನ್ನಿಸಿತು.

ಮೊದಲು ಕಾರಿನ ವಿಷಯ. ಇದು ಬ್ಯೂಕ್ ಮಾಸ್ಟರ್ ಸಿಕ್ಸ್, ಏಳು ಸೀಟಿನ ಟೂರಿಂಗ್ ಕಾರು. ಟೂರಿಂಗ್ ಅಂದರೆ ಮೇಲೆ ತಗಡಿನ ಚಾವಣಿ ಇರುವುದಿಲ್ಲ, ಪಕ್ಕದಲ್ಲಿ ಗಾಜು ಇರುವುದಿಲ್ಲ. ಬಟ್ಟೆಯ ಹುಡ್ ಇರುತ್ತದೆ, ಬೇಡವಾದಾಗ ಹಿಂದಕ್ಕೆ ಮಡಚಬಹುದು. ಮಳೆ ಬಂದರೆ ಪಕ್ಕಕ್ಕೆ ಪರದೆ ಕಟ್ಟಿಕೊಳ್ಳಬೇಕು. ಮಧ್ಯದ ಎರಡು ಸೀಟುಗಳನ್ನು ಮುಂದಿನ ಸೀಟಿನ ಬೆನ್ನಿಗೆ ಮಡಚಿಡಬಹುದು. ಆಗ ಹಿಂದೆ ಕೂತವರು ಕಾಲು ಪೂರ್ತಿ ಚಾಚಬಹುದು, ಅಷ್ಟು ಜಾಗ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 128 ಇಂಚು, ಹತ್ತೂವರೆ ಅಡಿಗೂ ಜಾಸ್ತಿ. ಎಂಜಿನ್ ಆರು ಸಿಲಿಂಡರಿನದು, ಸುಮಾರು 4.2 ಲೀಟರ್, 70 ಅಶ್ವಶಕ್ತಿ. ಆ ಕಾಲದ ಬಹಳ ಕಾರುಗಳಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ ಇರುತ್ತಿದ್ದವು. ಬ್ಯೂಕಿನಲ್ಲಿ ಈಗಿನ ಕಾರುಗಳಂತೆ ಮೇಲೆ, ಹೆಡ್ಡಿನಲ್ಲಿವೆ. ನಾಲ್ಕೂ ಚಕ್ರಕ್ಕೆ ಬ್ರೇಕ್ ಇದೆ. ಬ್ಯೂಕ್ ಅದನ್ನು 1924ರ ಮಾದರಿಯಿಂದ ಕೊಟ್ಟಿತು. ಆಗ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕ್ ಇರುವ ಕಾರುಗಳೇ ಜಾಸ್ತಿ.

ಬ್ಯೂಕ್ ಅಮೆರಿಕದ ಹೆಸರು. ಆದರೆ ನಮ್ಮ ಕಾರು ಬಂದದ್ದು ಕೆನಡಾದಿಂದ. ಅಲ್ಲಿನ ಓಶಾವಾ ಊರಿನಲ್ಲಿ ಮೆಕ್‌ಲಾಫ್ಲಿನ್ ಎಂಬ ಕಂಪನಿ ಬ್ಯೂಕ್ ಕಾರುಗಳನ್ನು ಕಟ್ಟುತ್ತಿತ್ತು. ಮೊದಲು ಕುದುರೆ ಗಾಡಿ ಮಾಡುತ್ತಿದ್ದ ಮನೆತನ ಅದು. 1918ರಲ್ಲಿ ಬ್ಯೂಕಿನ ಒಡೆಯ ಕಂಪನಿ ಜನರಲ್ ಮೋಟಾರ್ಸ್ ಅದನ್ನು ಕೊಂಡುಕೊಂಡಿತು. ಕೆನಡಾ ಬ್ರಿಟಿಷ್ ಸಾಮ್ರಾಜ್ಯದ ಒಳಗಿದ್ದ ದೇಶ. ಅಲ್ಲಿಂದ ಕಳಿಸಿದರೆ ಸಾಮ್ರಾಜ್ಯದ ಕೆಲವು ದೇಶಗಳಲ್ಲಿ ಸುಂಕದ ಅನುಕೂಲ ಇತ್ತು. ಹಾಗಾಗಿ ಬಲಗಡೆ ಸ್ಟಿಯರಿಂಗ್ ಇರುವ ಕಾರುಗಳು ಅಲ್ಲಿಂದ ಹಡಗು ಹತ್ತುತ್ತಿದ್ದವು. ಜನರಲ್ ಮೋಟಾರ್ಸ್ ಬೊಂಬಾಯಿಯ ಸೇವ್ರಿಯಲ್ಲಿ ಕಾರು ಜೋಡಿಸಲು ಶುರು ಮಾಡಿದ್ದು 1928ರಲ್ಲಿ. ನಮ್ಮದು ಅದಕ್ಕೂ ಮುಂಚಿನದು.

ಅಂಥ ಕಾರಿಗೆ ಕೋಲಾರದಲ್ಲಿ ಏನು ಕೆಲಸ ಅಂತ ಹೊರಗಿನವರು ಕೇಳುತ್ತಾರೆ. ಕೆಜಿಎಫ್ ಗೊತ್ತಿದ್ದವರು ಕೇಳುವುದಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು ಅದು. ಜಾನ್ ಟೇಲರ್ ಕಂಪನಿಯ ಇಂಗ್ಲಿಷ್ ಅಧಿಕಾರಿಗಳು, ಅವರ ಬಂಗಲೆ, ಕ್ಲಬ್ಬು, ಕಾರು ಎಲ್ಲ ಅಲ್ಲಿದ್ದವು. 1956ರಲ್ಲಿ ಗಣಿಗಳನ್ನು ಮೈಸೂರು ಸರ್ಕಾರ ವಹಿಸಿಕೊಂಡಿತು. ಆ ಹೊತ್ತಿಗೆ ತಮ್ಮ ದೇಶಕ್ಕೆ ಹೊರಟ ಒಬ್ಬ ಅಧಿಕಾರಿಯಿಂದ ನಮ್ಮ ತಾತ ಈ ಕಾರನ್ನು ಕೊಂಡರು. ಆಗಲೇ ಮೂವತ್ತು ವರ್ಷದ ಹಳೇ ಕಾರು, ಬೆಲೆ ಹೆಚ್ಚೇನೂ ಇರಲಿಲ್ಲ. ಊರಿನವರು ಇದನ್ನು ‘ದೊರೆ ಕಾರು’ ಅಂದರು. ಈಗಲೂ ಹಾಗೇ ಅನ್ನುತ್ತಾರೆ. ತಾತ ಮದುವೆ ದಿಬ್ಬಣಕ್ಕೆ, ಮುಳಬಾಗಿಲಿನ ಆಂಜನೇಯನ ದರ್ಶನಕ್ಕೆ ಇದನ್ನು ತೆಗೆಯುತ್ತಿದ್ದರಂತೆ. ಟೈರು ಸಿಗುವುದು ಕಷ್ಟವಾದ ಮೇಲೆ ಶೆಡ್ಡು ಸೇರಿತು.

ಆ ಶೆಡ್ಡು ನಮ್ಮ ಹುಳು ಮನೆಗೆ ಅಂಟಿಕೊಂಡೇ ಇದೆ. ರೇಷ್ಮೆ ಸಾಕಿದವರಿಗೆ ಗೊತ್ತು, ಪ್ರತಿ ಬೆಳೆಗೂ ಮುಂಚೆ ಹುಳು ಮನೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಬೇಕು. ಅದರ ಹೊಗೆಗೆ ಕಬ್ಬಿಣ ತಡೆಯುವುದಿಲ್ಲ. ಟಾರ್ಪಾಲ್ ತೆಗೆದು ನೋಡಿದಾಗ ಕಾರಿನ ಎರಡು ಪಕ್ಕ ಎರಡು ಬೇರೆ ಕಾರಿನಂತೆ ಇತ್ತು. ಹೊಲದ ಕಡೆಯ ಬಾಗಿಲುಗಳಲ್ಲಿ ಬಣ್ಣ ಇನ್ನೂ ಇತ್ತು. ಹುಳು ಮನೆ ಕಡೆಯ ಮಡ್‌ಗಾರ್ಡ್ ಬೆರಳು ಒತ್ತಿದರೆ ಪುಡಿಯಾಗುತ್ತಿತ್ತು. ಒಳಗಿನ ಮರದ ಚೌಕಟ್ಟಿಗೆ ಗೆದ್ದಲು ಬಿದ್ದಿತ್ತು. ಎಂಜಿನ್ ಪೂರ್ತಿ ಜಾಮ್. ಹ್ಯಾಂಡಲ್ ಹಾಕಿದರೆ ಒಂದು ನೂಲಿನಷ್ಟೂ ಅಲುಗಾಡಲಿಲ್ಲ.

ಕೈ ಹಾಕುವ ಮುಂಚೆ ಒಂದು ವಿಷಯ ತೀರ್ಮಾನವಾಗಬೇಕಿತ್ತು. ಎಷ್ಟು ಬದಲಾಯಿಸುವುದು? ನನ್ನ ತಮ್ಮನಿಗೆ ಬೇರೆ ಎಂಜಿನ್ ಕೂರಿಸುವ ಯೋಚನೆ ಇತ್ತು. ಡೀಸೆಲ್ ಎಂಜಿನ್, ಪವರ್ ಸ್ಟಿಯರಿಂಗ್, ಡಿಸ್ಕ್ ಬ್ರೇಕ್. ಓಡಿಸಲು ಸುಲಭ ಅಲ್ವಾ ಅಂದ. ನಾನು ಒಪ್ಪಲಿಲ್ಲ, ಅಪ್ಪನೂ ಒಪ್ಪಲಿಲ್ಲ. ಹಾಗೆ ಮಾಡಿದರೆ ಉಳಿಯುವುದು ಹಳೇ ತಗಡು ಹೊದ್ದ ಹೊಸ ಗಾಡಿ. ಕಾನೂನೂ ನಮ್ಮ ಕಡೆಗೇ ಇತ್ತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳಿಗೆಂದೇ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. ಆಗ ಅದು ವಿಂಟೇಜ್ ವಾಹನ. ಹೊಸದಾಗಿ ನೋಂದಣಿ ಮಾಡಿಸಲು ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ ಮರುನೋಂದಣಿಗೆ 5,000. ಹೊಸದಾಗಿ ನೋಂದಣಿಯಾದ ಗಾಡಿಗೆ ‘ವಿಎ’ ಅಕ್ಷರ ಇರುವ ನಂಬರ್ ಕೊಡುತ್ತಾರೆ. ಮೊದಲೇ ನೋಂದಣಿಯಾಗಿದ್ದರೆ ಹಳೇ ನಂಬರೇ ಇಟ್ಟುಕೊಳ್ಳಬಹುದು. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ರಸ್ತೆಗೆ ತರಬಹುದು. ದಿನಾ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ತಾತ ಆರ್‌ಸಿ ಪುಸ್ತಕವನ್ನು ಜಮೀನಿನ ಪತ್ರಗಳ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅದೊಂದು ನಮ್ಮ ಪುಣ್ಯ. ಹಳೇ ಕಾರು ಇಟ್ಟುಕೊಂಡವರಿಗೆ ನಾನು ಹೇಳುವುದು ಇಷ್ಟೇ, ಸ್ಪ್ಯಾನರ್ ಹಿಡಿಯುವ ಮುಂಚೆ ಕಾಗದ ಹುಡುಕಿ.

ಬಿಚ್ಚುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿಯೊಂದನ್ನೂ ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಮೇಲೆ ಚೀಟಿ ಕಟ್ಟಿ ಚೀಲಕ್ಕೆ. ತುಕ್ಕು ಹಿಡಿದ ಬೋಲ್ಟನ್ನೂ ಬಿಸಾಡಲಿಲ್ಲ. ಹೊಸದನ್ನು ಕಡೆಯಲು ಅಳತೆ ಬೇಕಲ್ಲ.

ಬಾಡಿಯ ತಗಡಿನ ಕೆಳಗೆ ಇರುವುದು ಮರ. ಈಗಿನವರಿಗೆ ಇದು ಆಶ್ಚರ್ಯ. ಬಾಗಿಲು, ಕಂಬ, ಸೀಟಿನ ಅಡಿ, ಎಲ್ಲ ಮರದ ಚೌಕಟ್ಟು. ಅದರ ಮೇಲೆ ತಗಡು ಬಡಿದಿರುತ್ತಾರೆ. ಮರ ಹೋಗಿದ್ದರೆ ತಗಡು ಎಷ್ಟು ಚೆನ್ನಾಗಿದ್ದರೂ ಬಾಗಿಲು ಜೋತುಬೀಳುತ್ತದೆ. ನಾವು ಬಂಗಾರಪೇಟೆಯಲ್ಲಿ ಕೆಡವುತ್ತಿದ್ದ ಒಂದು ತೊಟ್ಟಿ ಮನೆಯ ತೇಗದ ತೊಲೆ ಕೊಂಡೆವು. ಎಷ್ಟೋ ದಶಕ ಒಣಗಿದ ಮರ, ಇನ್ನು ಸೊಟ್ಟಗಾಗುವ ಭಯ ಇಲ್ಲ. ಗೆದ್ದಲು ತಿಂದು ಉಳಿದ ಹಳೇ ತುಂಡುಗಳನ್ನೇ ಅಚ್ಚಾಗಿ ಇಟ್ಟುಕೊಂಡು ಬಡಗಿ ಒಂದೊಂದೇ ತುಂಡು ಕಡಿದರು. ಹೊಲದ ಕಡೆಯ ಚೌಕಟ್ಟು ಗಟ್ಟಿಯಿತ್ತು. ಅದನ್ನು ಮುಟ್ಟಲಿಲ್ಲ.

ಈಗ ಗಾಲಿಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ಕೆಲಸದ ತಿರುಳು ಅಲ್ಲಿತ್ತು.

ಈ ಕಾರಿನ ಗಾಲಿಯ ಸ್ಪೋಕುಗಳು ಮರದವು. ಅಮೆರಿಕದವರು ಅದಕ್ಕೆ ಹಿಕರಿ ಎಂಬ ಮರ ಬಳಸುತ್ತಿದ್ದರು. ಬಡಿತ ತಾಳುವ ಮರ, ಕೊಡಲಿ ಸುತ್ತಿಗೆಯ ಹಿಡಿಗೂ ಅದೇ. ನಮ್ಮ ಗಾಲಿಗಳಲ್ಲಿ ಸ್ಪೋಕು ಒಣಗಿ ಸಡಿಲವಾಗಿದ್ದವು. ಕೈಯಲ್ಲಿ ಅಲ್ಲಾಡಿಸಿದರೆ ಟಕ್ ಟಕ್ ಶಬ್ದ. ಹೊರಗಿನ ಕೆಲವರು ‘ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ಬಿಗಿಯಾಗ್ತದೆ’ ಅಂದರು. ಬಿಗಿಯಾಗುವುದು ನಿಜ. ಆದರೆ ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ, ಜೊತೆಗೆ ಕೊಳೆಯಲು ಶುರುವಾಗುತ್ತದೆ. ಏಳು ಜನ ಕೂತು ಹೋಗುವ ಭಾರದ ಕಾರಿಗೆ ಅಂಥ ಗಾಲಿ ಹಾಕುವುದು ಸರಿಯಲ್ಲ.

ಶ್ರೀನಿವಾಸಪುರದ ಕಡೆ ಒಬ್ಬ ಆಚಾರ್ರು ಇದ್ದಾರೆ ಎಂದು ಅಪ್ಪನಿಗೆ ಗೊತ್ತಿತ್ತು. ಹಿಂದೆ ನಮ್ಮ ಎತ್ತಿನ ಗಾಡಿಗೆ ಗಾಲಿ ಕಟ್ಟಿಕೊಟ್ಟವರು. ಈಗ ಗಾಡಿಗಳಿಗೆ ರಬ್ಬರ್ ಟೈರು ಬಂದಿದೆ. ಅವರು ಮನೆ ಬಾಗಿಲು, ಕಿಟಕಿ ಮಾಡಿಕೊಂಡು ಇದ್ದರು. ಕಾರಿನ ಗಾಲಿ ಒಯ್ದು ತೋರಿಸಿದೆವು. ಅವರು ತುಂಬ ಹೊತ್ತು ಮಾತಾಡಲಿಲ್ಲ. ಗಾಲಿಯನ್ನು ನೆಲದ ಮೇಲೆ ಮಲಗಿಸಿ, ಮಧ್ಯದ ಭಾಗವನ್ನೇ ನೋಡುತ್ತಿದ್ದರು.

‘ಇದಕ್ಕೆ ಗುಂಬ ಇಲ್ವಲ್ಲಮ್ಮಾ’ ಅಂದರು.

ಅವರು ಹೇಳಿದ್ದು ಸರಿ. ಎತ್ತಿನ ಗಾಡಿಯಲ್ಲಿ ಮಧ್ಯೆ ದಪ್ಪನೆಯ ಮರದ ಗುಂಬ ಇರುತ್ತದೆ. ಅದಕ್ಕೆ ತೂತು ಕೊರೆದು ಸ್ಪೋಕು ಕೂರಿಸುತ್ತಾರೆ. ಭಾರ ಹೊರುವುದು ಗುಂಬ. ಕಾರಿನಲ್ಲಿ ಹಾಗಲ್ಲ. ಪ್ರತಿ ಸ್ಪೋಕಿನ ಬುಡ ಆಪಿನ ಆಕಾರದಲ್ಲಿ ಚೂಪಾಗಿರುತ್ತದೆ. ಎಲ್ಲ ಬುಡಗಳೂ ಒಂದಕ್ಕೊಂದು ಒತ್ತಿಕೊಂಡು ಸುತ್ತ ಕೂರುತ್ತವೆ. ಮುಂದೊಂದು ಹಿಂದೊಂದು ಉಕ್ಕಿನ ತಟ್ಟೆ ಇಟ್ಟು ಬೋಲ್ಟ್ ಬಿಗಿಯುತ್ತಾರೆ. ಕಲ್ಲಿನ ಕಮಾನು ನಿಲ್ಲುವುದೂ ಇದೇ ಲೆಕ್ಕದಲ್ಲಿ. ಒಂದು ಸ್ಪೋಕಿನ ಬುಡ ಒಂದು ಕೂದಲೆಳೆ ತೆಳುವಾದರೂ ಇಡೀ ಸುತ್ತು ಸಡಿಲ. ಆಚಾರ್ರು ಅದನ್ನು ಹಳೇ ಗಾಲಿ ನೋಡಿಯೇ ಅರ್ಥ ಮಾಡಿಕೊಂಡರು. ಯಾವ ಪುಸ್ತಕವನ್ನೂ ನಾವು ಅವರಿಗೆ ತೋರಿಸಿರಲಿಲ್ಲ.

ಮರ ಯಾವುದು? ಹಿಕರಿ ನಮ್ಮಲ್ಲಿ ಬೆಳೆಯುವುದಿಲ್ಲ. ಆಚಾರ್ರು ಕರಿಜಾಲಿ ಅಂದರು. ನಮ್ಮ ಕಡೆ ಗಾಡಿಯ ಗಾಲಿಗೆ ತಲೆತಲಾಂತರದಿಂದ ಅದೇ ಮರ. ಕೆರೆ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಬೆಳೆಯುತ್ತದೆ. ಬಡಿತ ತಾಳುತ್ತದೆ, ಬೇಗ ಸೀಳುವುದಿಲ್ಲ. ಆದರೆ ಅವರ ಷರತ್ತುಗಳಿದ್ದವು. ಹೊರಗಿನ ಬಿಳಿ ಮರ ಬೇಡ, ಒಳಗಿನ ಕೆಂಪು ಚೇಗು ಮಾತ್ರ. ಗರಗಸದಲ್ಲಿ ಕೊಯ್ಯುವುದು ಬೇಡ, ಎಳೆ ಹೋದ ಕಡೆಗೇ ಸೀಳಬೇಕು. ಗರಗಸ ಎಳೆಯನ್ನು ಅಡ್ಡ ಕತ್ತರಿಸಿದರೆ ಸ್ಪೋಕು ಅಲ್ಲೇ ಮುರಿಯುತ್ತದೆ. ಸೀಳಿದ ತುಂಡುಗಳನ್ನು ನೆರಳಲ್ಲಿ ಒಣಗಿಸಬೇಕು, ಅವಸರ ಮಾಡಬಾರದು. ನಾವು ಕಾದೆವು. ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಆ ತುಂಡುಗಳು ಅವರ ಜಗಲಿಯ ಅಟ್ಟದಲ್ಲಿದ್ದವು. ತಮ್ಮ ಫೋನ್ ಮಾಡಿ ಕೇಳಿದಾಗೆಲ್ಲ ‘ಮರ ಇನ್ನೂ ಹಸಿ ಐತೆ’ ಅನ್ನುತ್ತಿದ್ದರು. ತೂಕ ನೋಡಿಯೇ ಹೇಳುತ್ತಿದ್ದರು.

ಜೋಡಿಸುವ ದಿನ ನಾನು ರಜೆ ಹಾಕಿ ಹೋಗಿದ್ದೆ. ಬುಡಗಳನ್ನು ಸುತ್ತ ಜೋಡಿಸಿ, ಕೊನೆಯ ಎರಡು ಸ್ಪೋಕುಗಳನ್ನು ಒಟ್ಟಿಗೇ, ಗೋಪುರದ ಹಾಗೆ ಎತ್ತಿ ಹಿಡಿದು, ಮರದ ಕೊಡತಿಯಲ್ಲಿ ಮೆತ್ತಗೆ ಬಡಿದು ಇಳಿಸಿದರು. ಕೊನೆಗೆ ಎಲ್ಲ ಒಂದೇ ಸಲ ಬಿಗಿದುಕೊಂಡವು. ಪ್ರತಿ ಸ್ಪೋಕನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿದರು. ಎಲ್ಲದರಿಂದಲೂ ಒಂದೇ ಸದ್ದು ಬರಬೇಕು. ಒಂದರ ಸದ್ದು ಮಂದವಾಗಿತ್ತು. ಗಾಲಿ ಪೂರ್ತಿ ಬಿಚ್ಚಿ, ಅದೊಂದನ್ನು ಹೊಸದಾಗಿ ಕೆತ್ತಿದರು. ಬೇಸರವಿಲ್ಲದೆ ಮಾಡಿದರು. ಇಂಥ ಕೈಗೆ ನಾನು ನೂರು ಕಂಪನಿಗಳ ಸರ್ಟಿಫಿಕೇಟಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಎಂಜಿನ್ ಕಥೆ ಬೇರೆ. ಜಾಮ್ ಆದ ಎಂಜಿನ್ನಿಗೆ ಬಲ ಹಾಕಬಾರದು. ಸ್ಪಾರ್ಕ್ ಪ್ಲಗ್ ತೂತುಗಳಿಂದ ಆರೂ ಸಿಲಿಂಡರಿಗೆ ಡೀಸೆಲ್ ಮತ್ತು ಎಣ್ಣೆ ಬೆರೆಸಿ ಹಾಕಿದೆವು. ಇಂಗಿದ ಹಾಗೆ ಮತ್ತೆ ಹಾಕಿದೆವು. ವಾರಗಳ ನಂತರ ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ಉಕ್ಕಿನ ದಂಡ, ಸ್ವಲ್ಪ ಅಲುಗಿತು. ಬಿಚ್ಚಿ ನೋಡಿದರೆ ಬ್ಲಾಕ್ ಸೀಳಿರಲಿಲ್ಲ, ಕ್ರ್ಯಾಂಕೂ ಚೆನ್ನಾಗಿತ್ತು. ಹಾಳಾಗಿದ್ದು ಬೇರಿಂಗುಗಳು.

ಈಗಿನ ಕಾರಿನಲ್ಲಿ ಬೇರಿಂಗ್ ಹೋದರೆ ಅಂಗಡಿಯಿಂದ ತೆಳ್ಳಗಿನ ಶೆಲ್ ತಂದು ಹಾಕುತ್ತಾರೆ. ಈ ಕಾರಿನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನೊಳಗೇ ವೈಟ್ ಮೆಟಲ್ ಎಂಬ ಮಿಶ್ರಲೋಹದ ಎರಕ ಹೊಯ್ದಿರುತ್ತಾರೆ. ತವರ ಜಾಸ್ತಿ, ಜೊತೆಗೆ ಆಂಟಿಮನಿ, ಸ್ವಲ್ಪ ತಾಮ್ರ. ಮೆತ್ತನೆಯ ಲೋಹ. ಉಕ್ಕಿನ ಕ್ರ್ಯಾಂಕ್ ಅದರಲ್ಲಿ ತಿರುಗುವಾಗ ಸವೆಯುವುದು ಈ ಲೋಹ, ಕ್ರ್ಯಾಂಕ್ ಅಲ್ಲ. ಅಷ್ಟಕ್ಕೇ ಅದನ್ನು ಹಾಕುವುದು. ಆದರೆ ಹೊಸದಾಗಿ ಹೊಯ್ಯುವವರು ಬೇಕು. ಗ್ಯಾರೇಜಿನವರು ಯಾರೂ ಮಾಡುವುದಿಲ್ಲ.

ನನ್ನ ಜೊತೆ ಕೆಲಸ ಮಾಡುವ ಒಬ್ಬರ ಮಾವ ಚಾಂಪಿಯನ್ ರೀಫಿನಲ್ಲಿದ್ದಾರೆ. ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಕೆಲಸ ಹೋಯಿತು. ಆಮೇಲೆ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡಿ ಸಣ್ಣ ಫ್ಯಾಕ್ಟರಿಗಳಲ್ಲಿ ದುಡಿದರು. ಕೆಜಿಎಫಿನ ಎಷ್ಟೋ ಮನೆಗಳ ಕಥೆ ಇದೇ. ಮೂರು ಕಿಲೋಮೀಟರಿಗಿಂತ ಆಳದ ಗಣಿಗೆ ಜನರನ್ನು ಇಳಿಸುತ್ತಿದ್ದ ವೈಂಡಿಂಗ್ ಎಂಜಿನ್ನಿನ ಬೇರಿಂಗುಗಳನ್ನು ಇವರು ಹೊಯ್ದು ಕೆರೆದವರು. ರಾಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಅಂದರು, ‘ಇದು ನಮ್ದೇ ಕೆಲ್ಸ ಅಲ್ವಾ ಮೇಡಂ. ಸೈಜು ಚಿಕ್ಕದು, ಅಷ್ಟೇ.’

ಅವರು ಶೆಡ್ಡಿಗೇ ಬಂದು ಮಾಡಿದರು. ಮೊದಲು ಹಳೇ ಲೋಹವನ್ನು ಬ್ಲೋ ಲ್ಯಾಂಪಿನಲ್ಲಿ ಕರಗಿಸಿ ಇಳಿಸಿದರು. ರಾಡಿನ ಒಳಮೈಯನ್ನು ತಿಕ್ಕಿ ಬೆಳ್ಳಗೆ ಮಾಡಿದರು. ಆಮೇಲೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿದರು. ನಮ್ಮ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ‘ಇದು ಕಲಾಯಿ ಅಲ್ವೇನಪ್ಪಾ?’ ಅಂದರು. ‘ಕಲಾಯಿನೇ ಅಮ್ಮಾ. ಕಲಾಯಿ ಸರಿಯಾಗಿ ಹಿಡಿದಿಲ್ಲಾಂದ್ರೆ ಮೇಲಿನ ಲೋಹ ಬಿಟ್ಟು ಬರ್ತದೆ’ ಅಂದರು ಮೇಸ್ತ್ರಿ. ಹಿತ್ತಾಳೆ ಪಾತ್ರೆಗೆ ಮಾಡಿಸುತ್ತಿದ್ದ ಕೆಲಸವೇ ಎಂಜಿನ್ನಿನ ಒಳಗೂ ಇದೆ ಅಂತ ಅಮ್ಮನಿಗೆ ಬಹಳ ಖುಷಿಯಾಯಿತು.

ಲೋಹ ಹದಕ್ಕೆ ಬಂತೋ ಇಲ್ಲವೋ ನೋಡಲು ಮೇಸ್ತ್ರಿ ಒಣ ಕಡ್ಡಿ ಅದ್ದುತ್ತಿದ್ದರು. ಕಡ್ಡಿ ಕಂದು ಬಣ್ಣಕ್ಕೆ ತಿರುಗಬೇಕು. ಉರಿ ಹತ್ತಿದರೆ ಲೋಹ ಜಾಸ್ತಿ ಕಾದಿದೆ ಎಂದರ್ಥ. ರಾಡನ್ನೂ ಕಾಯಿಸಿರಬೇಕು, ಇಲ್ಲದಿದ್ದರೆ ಹೊಯ್ದ ಲೋಹ ತಟ್ಟನೆ ಹೆಪ್ಪುಗಟ್ಟಿ ಕಲಾಯಿಗೆ ಬೆಸೆಯುವುದಿಲ್ಲ. ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ ಹೊಯ್ಯಬೇಕು. ಆರಿದ ಮೇಲೆ ತೂಗುಹಾಕಿ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು. ಗಂಟೆಯಂತೆ ನಾದ ಬಂದರೆ ಲೋಹ ಪೂರ್ತಿ ಹಿಡಿದಿದೆ. ಬಡ್ಡು ಸದ್ದು ಬಂದರೆ ಎಲ್ಲೋ ಬಿಟ್ಟಿದೆ. ಆಚಾರ್ರೂ ಹೀಗೇ ಗಾಲಿ ತಟ್ಟಿ ಕೇಳಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ.

ಲೇತಿನಲ್ಲಿ ಕೊರೆದು ಅಳತೆಗೆ ಹತ್ತಿರ ತಂದ ಮೇಲೆ ಉಳಿದದ್ದು ಕೈಕೆಲಸ. ಕ್ರ್ಯಾಂಕಿಗೆ ತೆಳ್ಳಗೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣ ಸವರಿ, ರಾಡ್ ಕೂರಿಸಿ, ಒಂದು ಸುತ್ತು ತಿರುಗಿಸಿ ತೆಗೆಯುತ್ತಾರೆ. ಎತ್ತರ ಇರುವ ಕಡೆ ನೀಲಿ ಚುಕ್ಕೆ ಬಿದ್ದಿರುತ್ತದೆ. ಆ ಚುಕ್ಕೆಯನ್ನಷ್ಟೇ ಸ್ಕ್ರೇಪರಿನಲ್ಲಿ ಕೆರೆಯುವುದು. ಮತ್ತೆ ಸವರುವುದು, ಮತ್ತೆ ಕೂರಿಸುವುದು. ಮೊದಲು ನಾಲ್ಕಾರು ಚುಕ್ಕೆ ಕಾಣುತ್ತವೆ. ಕೆರೆಯುತ್ತ ಹೋದ ಹಾಗೆ ಇಡೀ ಮೈಗೆ ನೀಲಿ ಹರಡುತ್ತದೆ. ಕೊನೆಗೆ ಶಿಮ್ ಎನ್ನುವ ಹಿತ್ತಾಳೆಯ ತೆಳು ಹಾಳೆಗಳನ್ನು ಸೇರಿಸಿ, ತೆಗೆದು, ಎಣ್ಣೆಗೆ ಎರಡು ಥೌ ಜಾಗ ಉಳಿಸಿದರು. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಗೇಜಿನಲ್ಲಿ ನೋಡುವ ಮೊದಲೇ ಮೇಸ್ತ್ರಿ ರಾಡನ್ನು ಕೈಯಲ್ಲಿ ತೂಗಿ ಬಿಟ್ಟು, ಅದು ಎಷ್ಟು ನಿಧಾನ ಇಳಿಯುತ್ತದೆ ನೋಡಿ ಹೇಳುತ್ತಿದ್ದರು. ಗೇಜು ಅವರ ಮಾತನ್ನೇ ಹೇಳುತ್ತಿತ್ತು.

ಈ ಕಾರಿನಲ್ಲಿ ಪೆಟ್ರೋಲ್ ಪಂಪ್ ಇಲ್ಲ. ಟ್ಯಾಂಕ್ ಹಿಂದಿದೆ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ಮುಂದಿದೆ. ನಡುವೆ ಎಂಜಿನ್ ಪಕ್ಕದಲ್ಲಿ ಒಂದು ವ್ಯಾಕ್ಯೂಮ್ ಟ್ಯಾಂಕ್. ಎಂಜಿನ್ ಗಾಳಿ ಎಳೆಯುವ ಬಲದಿಂದಲೇ ಪೆಟ್ರೋಲ್ ಹಿಂದಿನಿಂದ ಇದರೊಳಗೆ ಬರುತ್ತದೆ. ತುಂಬಿದಾಗ ಒಳಗೆ ತೇಲುವ ಫ್ಲೋಟ್ ಮೇಲೆದ್ದು ಎಳೆತ ನಿಲ್ಲಿಸುತ್ತದೆ. ಅಲ್ಲಿಂದ ಕಾರ್ಬುರೇಟರಿಗೆ ತಾನಾಗಿ ಇಳಿಯುತ್ತದೆ. ಸರಳ ಯುಕ್ತಿ, ನನಗೆ ಬಹಳ ಹಿಡಿಸಿತು. ಇದರ ಮುಚ್ಚಳ ಸತುವಿನ ಎರಕದ್ದು. ಆ ಕಾಲದ ಸತುವಿನ ಎರಕ ವರ್ಷ ಕಳೆದಂತೆ ಉಬ್ಬಿ ಬಿರುಕು ಬಿಡುತ್ತದೆ. ಗಾಳಿ ಸೋರಿದರೆ ಪೆಟ್ರೋಲ್ ಬರುವುದಿಲ್ಲ. ಹಿತ್ತಾಳೆಯಲ್ಲಿ ಹೊಸ ಮುಚ್ಚಳ ಕಡೆಸಿದೆವು.

ಕಾರ್ಬುರೇಟರಿನ ಫ್ಲೋಟ್ ಬೆಂಡಿನದು. ಪೆಟ್ರೋಲ್ ಹೀರದಿರಲೆಂದು ಅದಕ್ಕೆ ಅರಗಿನ ವಾರ್ನಿಷ್ ಬಳಿದಿರುತ್ತಾರೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಎಥನಾಲಿಗೆ ಅರಗು ಕರಗುತ್ತದೆ. ಕರಗಿದ ಅರಗು ಪೆಟ್ರೋಲ್ ಚಿಮ್ಮುವ ಸಣ್ಣ ತೂತಿಗೆ, ಅಂದರೆ ಜೆಟ್ಟಿಗೆ ಮೆತ್ತಿಕೊಳ್ಳುತ್ತದೆ, ಫ್ಲೋಟ್ ಮುಳುಗುತ್ತದೆ, ಪೆಟ್ರೋಲ್ ಉಕ್ಕಿ ಬಿಸಿ ಪೈಪಿನ ಮೇಲೆ ಸುರಿಯುತ್ತದೆ. ಬೆಂಕಿ ಬೀಳಲು ಇಷ್ಟು ಸಾಕು. ಹಾಗಾಗಿ ತೆಳು ಹಿತ್ತಾಳೆಯ ಫ್ಲೋಟ್ ಮಾಡಿಸಿ ಬೆಸೆ ಹಾಕಿಸಿದೆವು. ಮೂಲ ರೂಪದ ಬಗ್ಗೆ ಇಷ್ಟು ಹಠ ಮಾಡಿದ ನಾನು ಇಲ್ಲಿ ಮಾತ್ರ ಎರಡು ಸಲ ಯೋಚಿಸಲಿಲ್ಲ. ಹಳೇ ಗಾಡಿ ಇಟ್ಟುಕೊಂಡವರು ಇದನ್ನೊಮ್ಮೆ ನೋಡಿಸಿಕೊಳ್ಳಿ.

ವೈರಿಂಗ್ ಪೂರ್ತಿ ಹೊಸದು. ಆರು ವೋಲ್ಟಿನ ಬ್ಯಾಟರಿ, ಬಟ್ಟೆ ಸುತ್ತಿದ ವೈರು. ಕೆಲಸ ಬೇಗ ಮುಗಿಯಿತು.

ಬಣ್ಣ ಮತ್ತು ಹೊಳಪಿನ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ತಮ್ಮನಿಗೆ ರೇಡಿಯೇಟರ್ ಕವಚ, ದೀಪದ ಬಳೆ, ಹ್ಯಾಂಡಲುಗಳು ಕನ್ನಡಿಯಂತೆ ಹೊಳೆಯಬೇಕಿತ್ತು. ಪ್ಲೇಟಿಂಗ್ ಮಾಡುವವರೂ ‘ಕ್ರೋಮ್ ಹಾಕೋಣ, ತುಕ್ಕು ಬರಲ್ಲ’ ಅಂದರು. ಆದರೆ 1925ರಲ್ಲಿ ಕಾರಿಗೆ ಕ್ರೋಮ್ ಇನ್ನೂ ಬಂದಿರಲಿಲ್ಲ. ಅದು ಹರಡಿದ್ದು ಆ ದಶಕದ ಕೊನೆಗೆ. ಅಲ್ಲಿಯವರೆಗೆ ಎಲ್ಲ ನಿಕಲ್. ಕ್ರೋಮಿನ ಹೊಳಪಿನಲ್ಲಿ ನೀಲಿ ಛಾಯೆ ಇದೆ, ಅದು ಕಣ್ಣಿಗೆ ಹೊಡೆಯುತ್ತದೆ. ನಿಕಲ್ಲಿನ ಹೊಳಪಿನಲ್ಲಿ ಸ್ವಲ್ಪ ಹಳದಿ ಇದೆ. ಅದನ್ನು ಆಗಾಗ ಬಟ್ಟೆಯಲ್ಲಿ ಉಜ್ಜಬೇಕು, ಇಲ್ಲದಿದ್ದರೆ ಮಂಕಾಗುತ್ತದೆ. ಉಜ್ಜುತ್ತೇವೆ ಅಂದೆ ನಾನು. ಎರಡು ಬೋಲ್ಟಿನ ತಲೆಗೆ ಒಂದೊಂದು ಥರ ಹಾಕಿಸಿ, ಹಳೇ ಬಾಗಿಲಿನ ಪಕ್ಕ ಹಿಡಿದು ತೋರಿಸಿದ ಮೇಲೆ ತಮ್ಮ ತಾನಾಗಿ ನಿಕಲ್ ಅಂದ.

ಬಣ್ಣಕ್ಕೂ ಹಾಗೇ. ಮೊದಲೆಲ್ಲ ಕಾರಿಗೆ ವಾರ್ನಿಷ್ ಬಣ್ಣ ಹಚ್ಚುತ್ತಿದ್ದರು, ಒಣಗಲು ವಾರಗಟ್ಟಲೆ ಬೇಕಿತ್ತು. ಡ್ಯುಪಾಂಟ್ ಕಂಪನಿಯ ಡ್ಯೂಕೋ ಬಂದ ಮೇಲೆ ಅದು ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಜನರಲ್ ಮೋಟಾರ್ಸ್ ಅದನ್ನು ಮೊದಲು ತನ್ನ ಓಕ್‌ಲ್ಯಾಂಡ್ ಕಾರಿನ 1924ರ ಮಾದರಿಗೆ ಬಳಸಿತು. ನಮ್ಮ ಫರ್ನಿಚರ್ ಅಂಗಡಿಗಳಲ್ಲಿ ಇವತ್ತಿಗೂ ‘ಡ್ಯೂಕೋ ಪೇಂಟ್’ ಅನ್ನುತ್ತಾರಲ್ಲ, ಆ ಹೆಸರೇ ಇದು. ಹೊಲದ ಕಡೆಯ ಬಾಗಿಲನ್ನು ನೀರುಕಾಗದದಲ್ಲಿ ತಿಕ್ಕುತ್ತ ಹೋದಾಗ ಮೇಲಿನ ಕಪ್ಪು ಬಣ್ಣದ ಕೆಳಗೆ ಗಾಢ ಹಸಿರು ಸಿಕ್ಕಿತು. ಅದನ್ನೇ ಹೊಂದಿಸಿ ಹಚ್ಚಿಸಿದೆವು. ಆ ಬಾಗಿಲಿನ ಒಳಬದಿಯಲ್ಲಿ ಒಂದು ಅಂಗೈಯಗಲ ಹಳೇ ಹಸಿರನ್ನು ಹಾಗೇ ಬಿಟ್ಟಿದ್ದೇವೆ. ಮುಂದೆ ಯಾರಾದರೂ ಬಣ್ಣ ಹೊಂದಿಸಬೇಕಾದರೆ ಅದು ಬೇಕು.

ಹುಡ್ಡಿಗೆ ಕೋಲಾರದಲ್ಲಿ ಜೀಪಿನ ಹುಡ್ ಹೊಲಿಯುವ ಭಾಯಿ ಸಿಕ್ಕರು. ಮಾವಿನ ಸುಗ್ಗಿ ಶುರುವಾದರೆ ಅವರಿಗೆ ಪುರುಸೊತ್ತಿಲ್ಲ, ಗಾಡಿಗಳ ಟಾರ್ಪಾಲ್ ಕೆಲಸ ಸಾಲು ನಿಲ್ಲುತ್ತದೆ. ಸುಗ್ಗಿ ಮುಗಿದ ಮೇಲೆ ಬಂದರು. ಹಳೇ ಹುಡ್ಡಿನ ಚಿಂದಿಯನ್ನು ಬಿಡಿಸಿ ಹರಡಿ, ಹೊಲಿಗೆಯ ಗುರುತು ಎಣಿಸಿ, ಅದೇ ಅಳತೆಗೆ ಕ್ಯಾನ್ವಾಸ್ ಕತ್ತರಿಸಿದರು. ಮಡಚಿದಾಗ ಕಬ್ಬಿಣದ ಬಿಲ್ಲುಗಳ ನಡುವೆ ಬಟ್ಟೆ ಸಿಕ್ಕಿ ಹರಿಯದಂತೆ ಒಳಗೊಂದು ಪಟ್ಟಿ ಕೊಟ್ಟರು. ಅದು ಹಳೆಯದರಲ್ಲಿ ಇರಲಿಲ್ಲ. ಒಳ್ಳೆಯ ಬುದ್ಧಿ.

ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಶೆಡ್ಡಿನ ಮುಂದೆ ಊರೇ ಸೇರಿತ್ತು. ಸ್ಟಿಯರಿಂಗ್ ಮೇಲೆ ಎರಡು ಚಿಕ್ಕ ಕಡ್ಡಿಗಳಿವೆ. ಒಂದು ಪೆಟ್ರೋಲಿಗೆ, ಇನ್ನೊಂದು ಕಿಡಿ ಹಾರುವ ಹೊತ್ತನ್ನು ಹಿಂದೆ ಮುಂದೆ ಮಾಡುವುದಕ್ಕೆ. ಕಿಡಿಯನ್ನು ಹಿಂದಕ್ಕೆ ಇಟ್ಟು, ಚೋಕ್ ಎಳೆದು, ಮೇಸ್ತ್ರಿ ತಾವೇ ಹ್ಯಾಂಡಲ್ ಎತ್ತಿದರು. ಒಂದೆರಡು ಸಲ ಕೆಮ್ಮಿ ಹಿಡಿದುಕೊಂಡಿತು. ಹೊಗೆ ಕಳೆದ ಮೇಲೆ ಕೇಳಿದ ಸದ್ದು ನಾನು ಎಣಿಸಿದ್ದಕ್ಕಿಂತ ಎಷ್ಟೋ ಮೆಲ್ಲಗಿತ್ತು. ಮೇಸ್ತ್ರಿ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಆರೂ ಸಿಲಿಂಡರ್ ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಅಪ್ಪನೂ ಅಳುತ್ತಿದ್ದರು. ನಾನೂ ಅತ್ತೆ.

ಕಾಗದ ಪತ್ರ, ಇನ್ಶೂರೆನ್ಸ್, ತಪಾಸಣೆ ಮುಗಿದು ತಾತನ ಕಾಲದ ನಂಬರೇ ಉಳಿದ ಮೇಲೆ ರಸ್ತೆಗೆ ತಂದೆವು. ಓಡಿಸುವುದನ್ನು ಹೊಸದಾಗಿ ಕಲಿಯಬೇಕು. ಗೇರು ಬದಲಿಸುವಾಗ ಹಲ್ಲುಚಕ್ರಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋಮೆಶ್ ಇದರಲ್ಲಿ ಇಲ್ಲ. ಕ್ಯಾಡಿಲಾಕ್ ಅದನ್ನು ತಂದದ್ದೇ 1928ರಲ್ಲಿ. ಪ್ರತಿ ಗೇರಿಗೂ ಕ್ಲಚ್ಚನ್ನು ಎರಡು ಸಲ ತುಳಿಯಬೇಕು, ನಡುವೆ ಎಂಜಿನ್ ವೇಗ ಹೊಂದಿಸಿಕೊಳ್ಳಬೇಕು. ಹಳೇ ಲಾರಿ ಓಡಿಸಿದ ನಮ್ಮ ಚಿಕ್ಕಪ್ಪನಿಗೆ ಇದು ತಟ್ಟನೆ ಬಂತು. ಬ್ರೇಕಿನ ಪಟ್ಟಿಗಳು ಡ್ರಮ್ಮಿನ ಹೊರಗಡೆ ಸುತ್ತಿಕೊಂಡಿವೆ. ನೀರು ಬಿದ್ದರೆ ಸರಿಯಾಗಿ ಹಿಡಿಯುವುದಿಲ್ಲ. ಮಳೆಯಲ್ಲಿ ತೆಗೆಯುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆವು. ದೊಡ್ಡ ಏರಿನಲ್ಲಿ ಪೆಡಲ್ ಪೂರ್ತಿ ಒತ್ತಿ ಥ್ರಾಟಲ್ ತೆರೆದಿದ್ದರೆ ಎಂಜಿನ್ನಿನ ಎಳೆತ ಕಡಿಮೆಯಾಗಿ ವ್ಯಾಕ್ಯೂಮ್ ಟ್ಯಾಂಕ್ ಬರಿದಾಗುತ್ತದೆ. ಒಂದು ಕ್ಷಣ ಪೆಡಲಿನಿಂದ ಕಾಲು ತೆಗೆದರೆ ಮತ್ತೆ ತುಂಬಿಕೊಳ್ಳುತ್ತದೆ. ಗೊತ್ತಿದ್ದರೆ ತೊಂದರೆ ಏನಿಲ್ಲ.

ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಜಿಎಫಿಗೆ ಹೋದೆವು. ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ಗುಡ್ಡೆಯಾದ ಸೈನೈಡ್ ದಿಬ್ಬದ ಪಕ್ಕ ಹಾದು, ರಾಬರ್ಟ್‌ಸನ್‌ಪೇಟೆ ದಾಟಿ, ಚಾಂಪಿಯನ್ ರೀಫಿನ ಲೈನ್ ಮನೆಗಳವರೆಗೆ. ಅವರ ಜೊತೆ ಕೆಲಸ ಮಾಡಿದವರು ಮನೆಯಿಂದ ಹೊರಗೆ ಬಂದು ಕಾರಿನ ಸುತ್ತ ನಿಂತರು. ಬಣ್ಣ, ನಿಕಲ್ ಯಾರೂ ನೋಡಲಿಲ್ಲ. ಬಾನೆಟ್ ಎತ್ತಿ ಎಂದರು. ಬೇರಿಂಗ್ ಯಾರು ಹೊಯ್ದದ್ದು, ಎಷ್ಟು ಥೌ ಬಿಟ್ಟಿದ್ದೀಯ ಅಂತ ಮೇಸ್ತ್ರಿಯನ್ನೇ ಕೇಳಿದರು. ಅವರು ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟರು.

ಆಚಾರ್ರು ಹೇಳಿಕೊಟ್ಟ ಹಾಗೆ ಬೇಸಿಗೆ ಬಂದಾಗ ಗಾಲಿಗಳನ್ನು ಎತ್ತಿ, ಸ್ಪೋಕು ತಟ್ಟಿ ನೋಡುತ್ತೇವೆ. ಈವರೆಗೆ ಸದ್ದು ಬದಲಾಗಿಲ್ಲ. ಚಿಂತಾಮಣಿಯಿಂದ ಒಬ್ಬರು ತಮ್ಮ ಹಳೇ ಕಾರಿನ ರಾಡುಗಳನ್ನು ಗೋಣಿಚೀಲದಲ್ಲಿ ತಂದು ನಮ್ಮ ಶೆಡ್ಡಿನಲ್ಲಿ ಇಟ್ಟು ಹೋಗಿದ್ದಾರೆ. ಮೇಸ್ತ್ರಿ ಒಪ್ಪಿದ್ದಾರೆ, ಆದರೆ ಒಂದು ಮಾತು ಹೇಳಿದರು. ಈ ಸಲ ಕಡ್ಡಿ ಅದ್ದಿ ನೋಡುವುದು, ಹೊಯ್ಯುವುದು ತಾವಲ್ಲ. ಐಟಿಐ ಓದುತ್ತಿರುವ ಇಬ್ಬರು ಹುಡುಗರನ್ನು ಕರೆದುಕೊಂಡು ಬರುತ್ತಾರೆ. ತಾವು ಪಕ್ಕದಲ್ಲಿ ನಿಂತಿರುತ್ತಾರೆ.